ಬ್ರಹ್ಮನಿಗೂ ತಿಳಿಯದ ಅಂಕಿ

"ನನ್ನ ಮಷಿನ್‌ನ್ಯಾಗ ಮುಂದಿನ ನಂಬರ್ ಯಾವುದು ಬರ್ತೈತಿ ಅಂತ ಬ್ರಹ್ಮ ಆಳು ಕಳಿಸಿ ಕೇಳಿಸಿದ್ದ. ನಾ ಹೇಳಲಿಲ್ಲ," ಎಂದ ಯಂಕೇಶ.

ಹೋಟೆಲಿನ ದಾದೇಸಾಬ ಚಹಾ ಸೋಸುವ ಬಟ್ಟೆಯನ್ನು ಹಿಂಡಿದ. ಅದೇ ಕೈಯಿಂದ ಬಸಿ ಒರೆಸಿ ಮುಂದಿಟ್ಟ.

"ಬ್ರಹ್ಮಗ ಹೇಳಲಿಲ್ಲ, ಖರೆ. ನರ್ಸ್ ಬಾಯಾರಿಗೆ ಹೇಳಿದ್ರಿ ಅಂತಲ್ಲ, ಸಾಹೇಬ್ರ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ನಗುವ ನಗೆ. ತುಟಿ ತೆರೆಯುವುದಿಲ್ಲ, ಕೊರಳಷ್ಟೇ ಕುಣಿಯುತ್ತದೆ. ಯಾವ ನರ್ಸು, ಏನು ಹೇಳಿದೆ ಎಂದು ಯಂಕೇಶ ಕೇಳಬೇಕಿತ್ತು. ಕೇಳಲಿಲ್ಲ. ಬಾಯಿಯ ಒಂದು ಬದಿಯಿಂದ ಮಾತ್ರ ನಕ್ಕ. ಈ ನಗು ಅವನಿಗೆ ಇವತ್ತು ಬೆಳಿಗ್ಗೆಯಿಂದ ಒದಗಿಬಂದಿತ್ತು. ಎಲ್ಲವೂ ಗೊತ್ತಿದ್ದವನ ನಗು.

ದಾದೇಸಾಬ ಅವನ ಚಹಾಕ್ಕೆ ಮಾತ್ರ ಕೆನೆ ಹಾಕಿದ್ದ. ಐದು ವರ್ಷಗಳಿಂದ ಇದೇ ಹೋಟೆಲಿನಲ್ಲಿ ಕುಡಿದ ಚಹಾ ಕೂಡಿಟ್ಟಿದ್ದರೆ ತುಂಗಭದ್ರಾ ಡ್ಯಾಮು ಬೇಸಿಗೆಯಲ್ಲೂ ಕೋಡಿ ಬೀಳುತ್ತಿತ್ತು. ಅದರಲ್ಲಿ ಒಂದು ಹನಿ ಕೆನೆ ಇರಲಿಲ್ಲ. ಆಗ ಅವನು ಟೈಪಿಂಗ್ ಕಲಿಸುವ ಮಾಸ್ತರ. ಇವತ್ತು ಸಾಹೇಬ್ರು. ಕೆನೆ ನಾಲಗೆಗೆ ಅಂಟಿಕೊಂಡಿತು. ನುಂಗಿದ.

ಕೊಪ್ಪಳ ಜಿಲ್ಲೆಯಾದದ್ದೇ ತಡ, ಊರಿನ ಸುತ್ತಲಿನ ಕಲ್ಲುಮುಳ್ಳೆಲ್ಲ ಸೈಟಾಗಿದ್ದವು. ಬದುವಿನ ಮೇಲೆ ಮಲಗಿದ ನಾಯಿ ಏಳುವುದರೊಳಗೆ ಅದರ ನಾಲ್ಕು ಕಾಲಿನ ಸುತ್ತ ನಾಲ್ಕು ಗೂಟ ಬಡಿದು, ಮೂಲೆ ಸೈಟೆಂದು ಮಾರಿಬಿಡುತ್ತಿದ್ದರು. ಭಾಗ್ಯನಗರದ ಮನೆ ಸಂಘದಲ್ಲಿ ಸದಸ್ಯರು ನೂರು, ಸೈಟು ಇಪ್ಪತ್ತು. ಚೀಟಿ ಎತ್ತಿದರೆ ಹೊಡೆದಾಟವಾಗುತ್ತದೆಂದು ಕಂಪ್ಯೂಟರ್ ಲಾಟರಿ ಇಟ್ಟರು. ಸದಸ್ಯರಿಗೆ ಒಂದರಿಂದ ನೂರರವರೆಗಿನ ಟೋಕನ್; ಮಷಿನ್ನು ಹೇಳಿದ ಅಂಕಿಯವರಿಗೆ ಸೈಟು, ಮೊದಲ ಅಂಕಿಗೆ ಮೂಲೆ ಸೈಟು. ಗುಲಬರ್ಗಾದಲ್ಲಿ ಎಂಸಿಎ ಓದಿ ಬಂದ ಯಂಕೇಶ ಅದರ ಪ್ರೋಗ್ರಾಮು ಬರೆದ. ಹೋದ ತಿಂಗಳು ಕುಷ್ಟಗಿಯ ಇಂಥದೇ ಸಂಘದಲ್ಲಿ ಅದನ್ನು ಓಡಿಸಿ ಶಾಲು ಹೊದಿಸಿಕೊಂಡು ಬಂದಿದ್ದ.

ಶಾಲು ಬಂದದ್ದು ಪ್ರೋಗ್ರಾಮಿಗಲ್ಲ, ತೊಳೆಯುವ ಆಟಕ್ಕೆ. ಅದು ಅವನೇ ಕಂಡುಹಿಡಿದದ್ದು. ವೇದಿಕೆಯ ಮೇಲೆ ಮಾನಿಟರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದ ಮೇಲೆ ಅವನು ಮೈಕು ಹಿಡಿಯುತ್ತಿದ್ದ: "ನೋಡ್ರಿ, ಎಲ್ಲಾರ ಕಣ್ಣ ಮುಂದ ಮಷಿನ್ ಬಂದ್ ಮಾಡ್ತೀನಿ. ಒಳಗ ಯಾರದರ ಕೈವಾಡ ಇದ್ರ ತೊಳದು ಹೋಗ್ಲಿ." ಬಂದ್ ಮಾಡುತ್ತಿದ್ದ. ಚಾಲೂ ಮಾಡುತ್ತಿದ್ದ. ಹೆಂಗಸರು ಕೈಮುಗಿಯುತ್ತಿದ್ದರು. ಮಡಿಯಾದ ಮಷಿನ್ನು ಆಮೇಲೆ ಅಂಕಿ ಕೊಡುತ್ತಿತ್ತು.

ಕುಷ್ಟಗಿಯಲ್ಲಿ ಮೊದಲು ಬಂದದ್ದು ಎಪ್ಪತ್ತೊಂದು. ಆಮೇಲೆ ಐವತ್ತನಾಲ್ಕು, ಐವತ್ತೆಂಟು, ಇಪ್ಪತ್ತೊಂಬತ್ತು.

ನಿನ್ನೆ ಭಾಗ್ಯನಗರದಲ್ಲಿ ಮೊದಲು ಬಂದದ್ದು ಎಪ್ಪತ್ತೊಂದು. ಆಮೇಲೆ ಐವತ್ತನಾಲ್ಕು, ಐವತ್ತೆಂಟು, ಇಪ್ಪತ್ತೊಂಬತ್ತು.

ಎರಡೂ ಕಡೆ ಅವೇ ಅಂಕಿ ಬಂದದ್ದು ರಾತ್ರಿ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಬಯ್ಯುತ್ತಾರೆಂದು ಯಂಕೇಶ ಬಾಗಿಲು ಹಾಕಿಕೊಂಡು ಕೂತ. ಯಾರೂ ಬಯ್ಯಲಿಲ್ಲ. ಬೆಳಿಗ್ಗೆ ಹೊರಗೆ ಬಂದರೆ ನಮಸ್ಕಾರಗಳು. ಎದುರು ಮನೆಯ ಯಮನೂರಸಾಬ ಸೈಕಲ್ ಇಳಿದು ಮಾತಾಡಿಸಿದ. ಇಷ್ಟು ದಿನ ಇವನು ಬರೀ ಓದಿದವನೆಂದು ತಿಳಿದಿದ್ದರಂತೆ; ಇಂಥ ಕಸುಬುದಾರನೆಂದು ಗೊತ್ತಿರಲಿಲ್ಲವಂತೆ.

ಒಂದೇ ಅಂಕಿ ಎರಡು ಸಲ ಹೇಗೆ ಬಂತು? ಅವನಿಗೆ ಗೊತ್ತಿರಲಿಲ್ಲ. ತನ್ನ ಟೈಪಿಂಗ್ ಅಂಗಡಿಯಲ್ಲಿ ಕೂತು ಸಾವಿರ ಸಲ, ಅವನ ಲೆಕ್ಕದಲ್ಲಿ ಲಕ್ಷ ಸಲ, ಒತ್ತಿ ನೋಡಿದ್ದ. ಪ್ರತಿ ಸಲ ಬೇರೆ ಬೇರೆ ಅಂಕಿ. ಕಾಕತಾಳೀಯ ಎಂದುಕೊಂಡ. ಆದರೂ ನಿನ್ನೆ ಸಂಜೆ ಸಭೆಯಿಂದ ತಂದಿಟ್ಟು ಚಾಲೂ ಮಾಡಿದ ಮಷಿನ್ನನ್ನು ಅವನು ಬಂದ್ ಮಾಡಿರಲಿಲ್ಲ. ಯಾಕೆಂದು ತನ್ನನ್ನು ಕೇಳಿಕೊಂಡಿರಲಿಲ್ಲ. ಗಾಯದ ಮೇಲಿನ ಪಟ್ಟಿಯನ್ನು ಯಾರಾದರೂ ಸುಮ್ಮಸುಮ್ಮನೆ ಬಿಚ್ಚುತ್ತಾರೆಯೆ?

ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಬಾಲಪ್ಪ ಬಂದ. ಸಂಘದ ಅಧ್ಯಕ್ಷ. ಅವನು ಕೂತ ಕುರ್ಚಿ ಮುಂದೆ ಯಾರಿಗೂ ಒಗ್ಗುವುದಿಲ್ಲ, ಅಷ್ಟು ಭಾರ. ಎಲೆಅಡಿಕೆ ತುಂಬಿದ ಬಾಯಿಯನ್ನು ಮೇಲಕ್ಕೆತ್ತಿ ಮಾತಾಡಿದ.

"ಕುಷ್ಟಗ್ಯಾಗ ನಾನೂ ಇದ್ನಿ ತಮ್ಮಾ. ನೀ ಇಟ್ಟ ನಂಬರು ಇಲ್ಲೂ ಅವ ಬರ್ತಾವು ಅಂತ ಗುಮಾನಿ ಬಂದು ಅವತ್ತ ಬಾಯಿಪಾಠ ಮಾಡ್ಕೊಂಡೆ. ನಿನ್ನೆ ಟೋಕನ್ ಹಂಚೂಮುಂದ ಐವತ್ತನಾಲ್ಕು ನಮ್ಮ ಅಳಿಯಗ, ಐವತ್ತೆಂಟು ಬೀಗರಿಗೆ. ಇಪ್ಪತ್ತೊಂಬತ್ತು ನಮ್ಮ ತಮ್ಮನ ಹೇಣ್ತಿಗೆ. ಭಾಳ ಹಿಕಮತ್ ಮಾಡೀಯಪ್ಪ."

ಬಾಲಪ್ಪ ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದ.

"ಆದ್ರ ಎಪ್ಪತ್ತೊಂದು? ಮೂಲಿ ಸೈಟು. ಅದನ್ನ ನನಗಂತ ಟೋಕನ್ ತಾಟಿನ ಅಂಚಿಗೆ ಸರಿಸಿ ಇಟ್ಟಿದ್ದೆ. ಆ ನರ್ಸು ರೇಣುಕಾದೇವಿ, ಡ್ಯೂಟಿ ಐತಿ ಅಂತ ಪೂಜಿಗಿಂತ ಮೊದ್ಲ ಬಂದು ಕೈ ಹಾಕಿ ಅದನ್ನ ಎತ್ಕೊಂಡು ಹೋದ್ಲು. ನೂರರಾಗ ಅದ ಒಂದು! ಯಾರು ಹೇಳಿದ್ರು ಆಕಿಗೆ?"

"ನಾ ಯಾರಿಗೂ ಹೇಳಿಲ್ಲರಿ ಅಣ್ಣಾರ."

ಆಡಿದ ಮೇಲೆ ತಿಳಿಯಿತು, ಅದು ಗೊತ್ತಿದ್ದವನು ಮಾತ್ರ ಆಡಬಹುದಾದ ಮಾತು. ಇನ್ನೊಂದು ಮಾತಿತ್ತು: ನನಗೇ ಗೊತ್ತಿರಲಿಲ್ಲ. ಅದು ಹಲ್ಲಿನ ಹಿಂದೆ ಕೂತು ಹೊರಗೆ ಇಣುಕಿ ನೋಡಿ ಒಳಗೆ ಹೋಯಿತು.

"ಸಂಜಿಗೆ ಸಭಾ ಕರದೀನಿ," ಎಂದ ಬಾಲಪ್ಪ. "ಮಂದಿ ಗದ್ದಲ ಮಾಡಾಕ ಹತ್ಯಾರ. ನೀ ಎದ್ದು ನಿಂತು ಒಂದ್ ಮಾತು ಹೇಳು. ಎಪ್ಪತ್ತೊಂದು ಒಂದ ನಂಬರು ಹೊರಗ ಹೋಗೈತಿ, ಆಕಿ ಬಂದು ಗಂಟ ಬಿದ್ಲು, ಮಾರಿ ನೋಡಿ ಹೇಳಿಬಿಟ್ಟೆ ಅನ್ನು. ಉಳದದ್ದೆಲ್ಲಾ ಚೊಕ್ಕ ಐತಿ ಅನ್ನು. ಆಕಿ ಸೈಟು ರದ್ದಾಗ್ತೈತಿ. ಮುಗೀತು."

"ಆಕಿ ಹೆಸರು ಕೆಡ್ತೈತಲ್ರಿ."

"ನರ್ಸಿಗೇನಪ್ಪ, ವರ್ಗ ಮಾಡಿಸ್ಕೊಂಡು ಹೋಗ್ತಾಳ. ನೀ ಗಂಡಸು, ನಿನಗ ಯಾರು ಏನಂತಾರ? ಗಂಗಾವತಿ, ಸಿದ್ದಾಪುರ, ಯಲಬುರ್ಗಾ, ಎಲ್ಲಾ ಕಡಿ ನಮ್ಮವರ ಅಧ್ಯಕ್ಷರು. ಮುಂದಿನ ಲಾಟರಿ ಎಲ್ಲಾ ನಿನ್ನ ಕೈಲೆ. ಇಲ್ಲಾಂದ್ರ ಅದ ಬಾಯಿಲೆ ನಿನ್ನ ಮಷಿನ್ ಕೆಟ್ಟೈತಿ ಅಂತಾರ. ಕೆಟ್ಟ ಮಷಿನ್ನಿನ ಮಾಸ್ತರ ಕಡೆ ಯಾರು ಬರ್ತಾರ?"

ಕಸದ ಬುಟ್ಟಿಗೆ ಉಗುಳಿದ. ಅರ್ಧ ಬುಟ್ಟಿಯೊಳಗೆ, ಅರ್ಧ ಕೀಲಿಮಣೆಯ ಮೇಲೆ. ಹೋಗುವಾಗ ಯಂಕೇಶನ ಹೆಗಲು ತಟ್ಟಿದ. ಅಂಗಿಯ ಮೇಲೆ ಬೆವರಿನ ಐದು ಬೆರಳು ಮೂಡಿ, ಬಹಳ ಹೊತ್ತು ಆರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದ. ಬಿಸಿಲು ಎಷ್ಟಿತ್ತೆಂದರೆ ರಸ್ತೆಯ ಮೇಲಿನ ತನ್ನ ನೆರಳು ಸುಟ್ಟ ವಾಸನೆ ಅವನಿಗೆ ಬಂತು. ಹೆಂಡತಿ ಸಹನಾ ರೊಟ್ಟಿ ಬಡಿಯುತ್ತಿದ್ದಳು. ತಟ್ಟೆಗೆ ಪುಂಡಿಪಲ್ಯೆ ಹಾಕಿ, ಅವನ ಮುಖ ನೋಡದೆ ಕೇಳಿದಳು:

"ಆ ನರ್ಸ್‌ಗೆ ಮೂಲಿ ಸೈಟು ಕೊಡಿಸೀರಂತ?"

"ಯಾರಂದ್ರು?"

"ಯಾರ ಅಂದಿಲ್ಲ?"

ಅವನು ಕಾದ. ಅಳುತ್ತಾಳೆ, ಲಟ್ಟಣಿಗೆ ಎಸೆಯುತ್ತಾಳೆ, ತವರಿಗೆ ಹೋಗುತ್ತೇನೆನ್ನುತ್ತಾಳೆ. ಆಗ ಇಲ್ಲ ಎನ್ನಬಹುದು. ಎದೆಯಲ್ಲಿ ಹಿಡಿದಿಟ್ಟದ್ದನ್ನು ಆಕೆಯೊಬ್ಬಳ ಮುಂದೆ ಕಕ್ಕಿಬಿಡಬಹುದು.

ಸಹನಾ ರೊಟ್ಟಿ ತಿರುವಿ ಹಾಕಿದಳು. "ನಮಗೂ ಒಂದು ಯಾಕ ಕೊಡಿಸ್ಲಿಲ್ಲ?"

ಯಂಕೇಶ ತಟ್ಟೆ ಸರಿಸಿದ. ಹುಳಿ ಹೆಚ್ಚಾಗಿದೆ ಎಂದ. ಎದ್ದು ಕೈ ತೊಳೆದ.

ಅಂಗಡಿಗೆ ಬಂದರೆ ಕಟ್ಟೆಯ ಮೇಲೆ ರೇಣುಕಾದೇವಿ ಕೂತಿದ್ದಳು. ಆಸ್ಪತ್ರೆಯ ಬಿಳಿ ಸೀರೆ ಹಾಗೇ ಇತ್ತು. ಡ್ಯೂಟಿಯ ಮಧ್ಯದಲ್ಲೇ ಎದ್ದು ಬಂದವಳ ಹಾಗೆ. ಹೋದ ವರ್ಷ ಎರಡು ತಿಂಗಳು ಇಲ್ಲಿ ಟೈಪಿಂಗ್ ಕಲಿತಿದ್ದಳು. ಊರಿಗೆ ಸಾಕ್ಷಿಯಾಗಿ ಅಷ್ಟು ಸಾಕಾಗಿತ್ತು.

ಒಳಗೆ ಕರೆದ. ಬಾಗಿಲು ಪೂರ್ತಿ ತೆರೆದಿಟ್ಟ. ಆಮೇಲೆ ಹಾಗೆ ತೆರೆದಿಟ್ಟದ್ದಕ್ಕೆ ನಾಚಿದ.

"ಸರ್ರ, ಇವತ್ತ ಒಬ್ಬಾಕಿ ಬಾಣಂತಿ ನನ್ನ ಕೈಲೆ ಸೂಜಿ ಬ್ಯಾಡ ಅಂದ್ಲು. ಆಕಿ ಕೂಸನ್ನ ಈ ಕೈಯಾಗ ಹಿಡದು ಹೊರಗ ತಂದೀನಿ ನಾನು."

"ಮಂದಿ ಅಂತಾರ, ಬಿಡ್ರಿ."

"ನಮ್ಮವ್ವಗ ಬಾಡಿಗಿ ಮನಿಯವರು ನೀರು ಕೊಟ್ಟಿಲ್ಲ ಮುಂಜಾನಿಂದ. ಸೈಟು ಬ್ಯಾಡರಿ ನನಗ, ತಿರುಗಿ ಕೊಡ್ತೀನಿ. ನೀವು ನನಗ ಏನೂ ಹೇಳಿಲ್ಲ ಅಂತ ಸಂಜಿಗೆ ಎಲ್ಲಾರ ಮುಂದ ಒಂದ್ ಮಾತು ಅನ್ರಿ. ಅಷ್ಟ."

"ನೋಡೂಣು."

"ಏನ್ ನೋಡ್ತೀರಿ?"

ಅವನು ಕೀಲಿಮಣೆಯ ಮೇಲಿನ ಕೆಂಪು ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಆಗ ಕರೆಂಟು ಹೋಯಿತು. ಹಳೆಯ ಯುಪಿಎಸ್ಸು ಕತ್ತು ಹಿಚುಕಿದ ಕೋಳಿಯಂತೆ ಕಿರುಚಿ ಸುಮ್ಮನಾಯಿತು. ಪರದೆ ಕಪ್ಪಾಯಿತು.

ಇಬ್ಬರೂ ಸೆಕೆಯಲ್ಲಿ ಕೂತರು. ಕರೆಂಟು ಬೇಗನೆ ಬಂತು. ಇನ್ನೊಂದು ಯುಗ ಬರದಿದ್ದರೂ ಯಂಕೇಶನಿಗೆ ಬೇಸರವಿರಲಿಲ್ಲ. ಮಷಿನ್ನು ತಾನಾಗಿ ಎದ್ದಿತು. ಲಾಟರಿಯ ಪ್ರೋಗ್ರಾಮು ತಾನಾಗಿ ತೆರೆಯಿತು. ಹಾಗೆ ಏರ್ಪಾಟು ಮಾಡಿಟ್ಟವನೂ ಅವನೇ.

"ನಿನ್ನೆ ನಾ ಇದನ್ನ ನೋಡಲೇ ಇಲ್ಲರಿ," ಎಂದಳು ರೇಣುಕಾದೇವಿ. "ಟೋಕನ್ ತಗೊಂಡು ಡ್ಯೂಟಿಗೆ ಹೋಗಿಬಿಟ್ಟೆ. ಹೆಂಗ ಬರ್ತೈತಿ ನಂಬರು?"

ತೋರಿಸುವುದಿಲ್ಲ ಎನ್ನಲು ಕಾರಣ ಸಿಗಲಿಲ್ಲ. ಒತ್ತಿದ.

ಎಪ್ಪತ್ತೊಂದು.

ಮತ್ತೆ ಒತ್ತಿದ. ಐವತ್ತನಾಲ್ಕು. ಬೆರಳು ಅವನ ಮಾತು ಕೇಳದೆ ಒತ್ತುತ್ತ ಹೋಯಿತು. ಐವತ್ತೆಂಟು. ಇಪ್ಪತ್ತೊಂಬತ್ತು.

ಲಕ್ಷ ಸಲ ಒತ್ತಿದ್ದ, ಹೌದು. ಆದರೆ ಬಂದ್ ಮಾಡದೆ ಒತ್ತಿದ್ದ. ಬಂದ್ ಮಾಡಿ ಚಾಲೂ ಮಾಡಿದ್ದು ವೇದಿಕೆಯ ಮೇಲೆ ಮಾತ್ರ, ಮಂದಿಗೆ ತೋರಿಸಲು. ತೊಳೆದಾಗಲೆಲ್ಲ ಅದು ಮೊದಲಿನ ಜಾಗಕ್ಕೆ ಹೋಗಿ ನಿಂತಿತ್ತು.

ರೇಣುಕಾದೇವಿ ಪರದೆ ನೋಡುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದಳು. ಜ್ವರ ಎಷ್ಟಿದೆಯೆಂದು ಮುಟ್ಟದೆ ಹೇಳುವವರು ನೋಡುವ ಹಾಗೆ.

"ನಿಮಗ ಗೊತ್ತಿದ್ದಿಲ್ಲ," ಎಂದಳು.

ಆ ದನಿಯಲ್ಲಿ ಕರುಣೆಯಿತ್ತು. ಅದನ್ನು ಅವನು ತಡೆದುಕೊಳ್ಳಲಾರದೆ ಹೋದ. ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗೊತ್ತಿತ್ತು," ಎಂದ. "ನಾನ ಇಟ್ಟದ್ದು ಅದು. ಬೇಕಂತ."

"ಮತ್ಯಾಕ ಹಿಂಗ ಬೆವರೀರಿ?"

ಉತ್ತರಕ್ಕೆ ಕಾಯಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಿಗಿಳಿದಳು. ಎದುರಿನ ಪಾನ್ ಅಂಗಡಿಯಿಂದ ಯಾರೋ ಕೆಮ್ಮಿದರು. ಯಂಕೇಶನಿಗಾಗಿ ಕೆಮ್ಮಿದ ಕೆಮ್ಮು, ಶಾಭಾಸ್ ಎನ್ನುವಂಥದು.

ಅವನು ಬಾಗಿಲು ಮುಂದಕ್ಕೆಳೆದು ಪ್ರೋಗ್ರಾಮು ಬಿಚ್ಚಿದ. ಹುಡುಕಬೇಕಾಗಿರಲಿಲ್ಲ. ಮಷಿನ್ನಿಗೆ ಮನಸ್ಸಿಲ್ಲ, ಮನಸ್ಸಿಗೆ ಬಂದ ಅಂಕಿ ಹೇಳು ಎಂದರೆ ಅದು ಒಳಗಿನ ಒಂದು ಉದ್ದನೆಯ ಸರದ ಮಣಿಗಳನ್ನು ಸಾಲಾಗಿ ಎಣಿಸುತ್ತದೆ. ಎಲ್ಲಿಂದ ಹಿಡಿಯಬೇಕೆಂದು ಬರೆದವನು ಹೇಳಬೇಕು. ಹೇಳದಿದ್ದರೆ ಪ್ರತಿ ಸಲ ಗಂಟಿನಿಂದಲೇ ಶುರು. ಆ ಭಾಷೆಯಲ್ಲಿ ಅಂಕಿ ಕೊಡು ಎನ್ನಲು ಒಂದು ಪದ, ಮೊದಲು ಕಲಸು ಎನ್ನಲು ಇನ್ನೊಂದು ಪದ. ಅವನು ಮೊದಲನೆಯದನ್ನು ಬರೆದಿದ್ದ. ಎರಡನೆಯದು ಇದೆಯೆಂದು ಪುಸ್ತಕದ ಅದೇ ಪುಟದ ಕೆಳಗೆ ಇತ್ತು. ಪುಟದ ಕೆಳಗಿನವರೆಗೆ ಅವನು ಓದಿರಲಿಲ್ಲ.

ಇನ್ನೊಂದು ನೆನಪಾಯಿತು. ಒಂದು ಪತ್ತಿನ ಸಂಘಕ್ಕೆ ಅವನು ಪ್ರೋಗ್ರಾಮು ಬರೆದುಕೊಟ್ಟಿದ್ದ. ಪ್ರತಿ ಸದಸ್ಯನಿಗೂ ಖಾತೆಯ ಗುಪ್ತಸಂಖ್ಯೆ ಕೊಡುವುದು ಅದೇ ಒಂದು ಪದ. ಅಲ್ಲಿ ಬೆಳಿಗ್ಗೆ ಮಷಿನ್ನು ಚಾಲೂ ಮಾಡುತ್ತಾರೆ. ಅಂದರೆ ಪ್ರತಿ ದಿನ ಮೊದಲು ಬಂದವರೆಲ್ಲರ ಗುಟ್ಟೂ ಒಂದೇ. ಗೌಡನದೂ, ಹಮಾಲನದೂ. ತನ್ನ ಸಂಖ್ಯೆಯನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಹೋದ ಮುದುಕಿಯದೂ.

ನಗು ಬಂತು. ನಗು ಹೊಟ್ಟೆಯಿಂದ ಹುಳಿಯಾಗಿ ಬಂತು. ಹಿತ್ತಲಿಗೆ ಹೋಗಿ ವಾಂತಿ ಮಾಡಿದ. ಪುಂಡಿಪಲ್ಯೆ ಬಂತು, ಕೆನೆ ಬಂತು. ನೊಣಗಳು ಕರೆಸಿಕೊಂಡವರ ಹಾಗೆ ಬಂದವು.

ಬಾಯಿ ಮುಕ್ಕಳಿಸುತ್ತ ಲೆಕ್ಕ ಹಾಕಿದ. ಕಳ್ಳನಾದರೆ ಊರು ಕೈಮುಗಿಯುತ್ತದೆ. ದಡ್ಡನಾದರೆ? ಗುಲಬರ್ಗಾದ ಎಂಸಿಎ, ಶಾಲು, ಬ್ರಹ್ಮ ಕಳಿಸಿದ ಆಳು, ಎಲ್ಲ ಹೋಗಿ ಪುಟ ಓದದ ಮಾಸ್ತರನೊಬ್ಬ ಉಳಿಯುತ್ತಾನೆ. ನರ್ಸು ವರ್ಗವಾಗಿ ಹೋಗುತ್ತಾಳೆ. ಬಾಲಪ್ಪ ಹೇಳಿದ್ದು ಸುಳ್ಳಲ್ಲ. ಎಲ್ಲರೂ ಎಲ್ಲಿಗಾದರೂ ಹೋಗುತ್ತಾರೆ.

ಸಂಜೆ ಸಂಘದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಪ್ಪಳದ ಜನ ಸಾಲದೆ ಸಾಣಾಪುರದ ಕೆರೆಯ ಮೀನುಗಳೂ ಎದ್ದು ಬಂದಿದ್ದವೆಂದು ಯಂಕೇಶ ಮುಂದೆ ಎಂದಾದರೂ ಹೇಳಬಹುದಿತ್ತು. ಬೆವರು, ಮಲ್ಲಿಗೆ, ಬೀಡಿ. ವೇದಿಕೆಯ ಮೇಲೆ ಮಷಿನ್ನು. ಸಾಕ್ಷಿಗೆಂದು ಬಾಲಪ್ಪ ಹೊರಿಸಿ ತರಿಸಿದ್ದ. ಯಾರೋ ಅದಕ್ಕೆ ಮತ್ತೆ ವಿಭೂತಿ ಹಚ್ಚಿದ್ದರು.

"ಯಂಕೇಶ ಸಾಹೇಬ್ರು ಎರಡು ಮಾತು ಹೇಳ್ತಾರ," ಎಂದ ಬಾಲಪ್ಪ.

ಯಂಕೇಶ ಮೈಕು ಹಿಡಿದ. ಎಲ್ಲವೂ ಗೊತ್ತಿದ್ದವನ ನಗು ತಾನಾಗಿ ಬಂದು ಬಾಯಿಯ ಬದಿಗೆ ಕೂತಿತು.

"ನನ್ನ ಮಷಿನ್ ತಪ್ಪಂಗಿಲ್ಲ. ಹುಬ್ಬಳ್ಳಿ, ಬೆಂಗಳೂರು, ದಿಲ್ಲಿಯೊಳಗೂ ಇಂಥಾದ್ದಿಲ್ಲ. ಆದ್ರ ಒಂದು ನಂಬರು, ಎಪ್ಪತ್ತೊಂದು, ಅದು ಮಾತ್ರ ನನ್ನ ಕಡಿಂದ..."

ಹೆಂಗಸರ ಸಾಲಿನಿಂದ ರೇಣುಕಾದೇವಿ ಎದ್ದಳು. ಕೂಗಲಿಲ್ಲ. ವಾರ್ಡಿನಲ್ಲಿ ಮಾತಾಡುವ ದನಿ.

"ಅವರು ನನಗ ಹೇಳ್ಬೇಕಂದ್ರ ಮೊದ್ಲ ಅವರಿಗೆ ಗೊತ್ತಿರಬೇಕಲ್ರಿ? ಅವರಿಗೆ ಗೊತ್ತಿದ್ದಿಲ್ಲ. ಇವತ್ತ ಮಧ್ಯಾಹ್ನ ನನ್ನ ಮುಂದ ಗೊತ್ತಾತು. ಮಷಿನ್ ಬಂದ್ ಮಾಡಿ ಚಾಲೂ ಮಾಡಿದ್ರ ಅದ ನಂಬರು ತಿರುಗಿ ಬರ್ತೈತಿ. ಕೇಳ್ರಿ ಅವರನ್ನ."

ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಕನಕಮ್ಮ ಬಾಯಿಗೆ ಕೈಯಿಟ್ಟುಕೊಂಡಳು.

"ಅಯ್ಯ ಶಿವನ! ಹಂಗಾದ್ರ ಈ ಹುಡುಗ ಕಲ್ತಿದ್ದಾದ್ರೂ ಏನು?"

ನಗೆ ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ದಾದೇಸಾಬನೂ ನಕ್ಕ, ಈ ಸಲ ಬಾಯಿ ತೆರೆದು.

"ಸುಳ್ಳರಿ!" ಬಾಲಪ್ಪ ಎದ್ದು ನಿಂತ. "ಇಷ್ಟ ಓದಿದಾವಗ ಗೊತ್ತಿರಂಗಿಲ್ಲೇನು? ಆಕಿ ಹೇಳಿಕೊಟ್ಟ ಮಾತದು. ಹೇಳಪ್ಪ ಯಂಕೇಶ, ನಿನಗ ಗೊತ್ತಿತ್ತೋ ಇಲ್ಲೋ?"

ಎಷ್ಟು ಸುಲಭದ ಪ್ರಶ್ನೆ. ಹೂಂ ಎಂದರೆ ಮುಗಿಯಿತು. ಅವನು ಬಾಯಿ ತೆರೆದ. ಬಾಲಪ್ಪನ ತುಟಿಯ ಮೂಲೆಯಲ್ಲಿ ಎಲೆಯ ರಸ ಗೆರೆಯಾಗಿ ಇಳಿಯುತ್ತಿತ್ತು. ಆ ಗೆರೆ ಮುಂದೆ ಗಂಗಾವತಿಗೆ, ಸಿದ್ದಾಪುರಕ್ಕೆ, ಯಲಬುರ್ಗಾಕ್ಕೆ ಹೋಗುವುದನ್ನು ಕಂಡ. ರೇಣುಕಾದೇವಿ ಇನ್ನೂ ನಿಂತಿದ್ದಳು. ಆಕೆಯ ಅಕ್ಕಪಕ್ಕ ಕೂತವರು ಸೀರೆ ತಾಗದಂತೆ ಸರಿದು ಕೂತಿದ್ದರು.

"ಗೊತ್ತಿದ್ದಿಲ್ಲ," ಎಂದ.

ಮೈಕಿನಲ್ಲಿ ಅದು ಹಾಲಿನ ಹೊರಗೂ ಕೇಳಿಸಿತು.

"ಒಂದು ಪದ ಬರೀಬೇಕಿತ್ತು. ಬರೀಲಿಲ್ಲ. ಹಂಗೊಂದು ಪದ ಐತಿ ಅಂತನ ನನಗ ಗೊತ್ತಿದ್ದಿಲ್ಲ. ಆಕಿಗೆ ನಾ ಏನೂ ಹೇಳಿಲ್ಲ. ಯಾರಿಗರ ಹೇಳಾಕ ನನ್ನ ಕಡೆ ಏನೂ ಇದ್ದಿಲ್ಲ. ಐವತ್ತನಾಲ್ಕು, ಐವತ್ತೆಂಟು, ಇಪ್ಪತ್ತೊಂಬತ್ತು ಯಾರ ಕಡೆ ಅದಾವು ಅಂತ ಅಧ್ಯಕ್ಷರನ್ನ ಕೇಳ್ರಿ."

ಇನ್ನು ಗುಡುಗಬೇಕಿತ್ತು. ಸಭೆ ಬಾಲಪ್ಪನ ಕಡೆ ತಿರುಗಬೇಕಿತ್ತು. ಬದಲಿಗೆ ಯಾರೋ ಕೂಗಿದರು: "ತೋರಿಸ್ರಿ, ಹೆಂಗ ಬರ್ತೈತಿ ತೋರಿಸ್ರಿ!"

ಅವನು ಬಂದ್ ಮಾಡಿದ. ಚಾಲೂ ಮಾಡಿದ. ಕನಕಮ್ಮನನ್ನು ಕರೆದು ಆಕೆಯ ಬೆರಳಿನಿಂದಲೇ ಒತ್ತಿಸಿದರು. ಎಪ್ಪತ್ತೊಂದು. ಹಾಲು ಹೋ ಎಂದಿತು. ಮುಂದಿನದನ್ನು ಮಷಿನ್ನಿಗಿಂತ ಮೊದಲೇ ನಾಲ್ಕಾರು ಜನ ಕೂಗಿದರು: ಐವತ್ತನಾಲ್ಕು! ಅದರ ಮುಂದಿನದನ್ನು ಎಲ್ಲರೂ. ಐವತ್ತೆಂಟು! ಎರಡನೆಯ ಸುತ್ತಿಗೆ ಮಗ್ಗಿ ಒಪ್ಪಿಸುವ ಶಾಲೆಮಕ್ಕಳ ಹಾಗೆ ರಾಗ ಹತ್ತಿತು. ಬಾಲಪ್ಪನ ಅಳಿಯ ಕೂಡ ತಾಳ ಹಾಕುತ್ತಿದ್ದ. ಬಾಲಪ್ಪ ಕೂತ. ನಗುತ್ತಿದ್ದ.

ಸೈಟು ಯಾರದು, ಹೆಸರು ಯಾರದು ಉಳಿಯಿತು ಎಂದು ಯಾರೂ ಕೇಳಲಿಲ್ಲ. ರೇಣುಕಾದೇವಿ ಏನೋ ಹೇಳುತ್ತಿದ್ದಳು. ತುಟಿ ಆಡುವುದು ಕಾಣುತ್ತಿತ್ತು. ಅಂಕಿಗಳ ಅಬ್ಬರದಲ್ಲಿ ಕೇಳಿಸಲಿಲ್ಲ.

"ಇನ್ನೊಮ್ಮಿ! ಇನ್ನೊಮ್ಮಿ!"

ಯಂಕೇಶ ಬಂದ್ ಮಾಡಿದ. ಚಾಲೂ ಮಾಡಿದ. ಇಡೀ ಹಾಲು ಕಣ್ಣು ಮುಚ್ಚಿ ಬಾಯಿ ತೆರೆಯಿತು, ಬರುವುದು ಯಾವುದೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಅವನೊಬ್ಬ ಮಾತ್ರ ಪರದೆಗೆ ಮುಖ ಹತ್ತಿರ ತಂದು, ಈ ಸಲ ಬೇರೆಯದೊಂದು ಬರಬಹುದೆಂದು ಉಸಿರು ಹಿಡಿದು ಕಾಯುತ್ತಿದ್ದ.